‘ಕೋಕೋ’: ಒಂದು ಕ್ರೈಸ್ತ ಮನೆಯಲ್ಲಿ ನೋಡಿದಂತೆ

ಕಳೆದ ದೀಪಾವಳಿ ರಜೆಯಲ್ಲಿ, ಬೆಳಗಾವಿಯ ನಮ್ಮ ಮನೆಯಲ್ಲಿ, ಹನ್ನೊಂದು ವರ್ಷದ ಮಗ, ಏಳು ವರ್ಷದ ಮಗಳು ಮತ್ತು ನನ್ನ ಅವ್ವನ ಜೊತೆ ಕೂತು ಪಿಕ್ಸಾರ್ ಸಂಸ್ಥೆಯ ‘ಕೋಕೋ’ ಚಿತ್ರವನ್ನು ನೋಡಿದೆ. ಲೀ ಅನ್‌ಕ್ರಿಚ್ ನಿರ್ದೇಶಿಸಿದ ಈ ಅನಿಮೇಷನ್ ಚಿತ್ರ ತೆರೆಕಂಡದ್ದು 2017ರಲ್ಲಿ. ಮರುವರ್ಷ ಅದಕ್ಕೆ ಎರಡು ಆಸ್ಕರ್ ಪ್ರಶಸ್ತಿಗಳು ಬಂದವು. ಸತ್ತವರ ಲೋಕ, ಅಸ್ಥಿಪಂಜರ, ಶಾಪ ಇವೆಲ್ಲ ಇರುವ ಕಥೆಯೆಂದು ತಿಳಿದು ನಾನು ಬಹಳ ದಿನ ಅದನ್ನು ಮಕ್ಕಳಿಗೆ ತೋರಿಸಿರಲಿಲ್ಲ. ನಮ್ಮ ಸಭೆಯ ಕೆಲವು ತಂದೆತಾಯಿಗಳು ಇಂದಿಗೂ ಅದೇ ಕಾರಣಕ್ಕೆ ತೋರಿಸುವುದಿಲ್ಲ. ನೋಡಿದ ಮೇಲೆ ನನಗನ್ನಿಸಿದ್ದೇನೆಂದರೆ, ಬಣ್ಣಬಣ್ಣದ ಆ ಅಸ್ಥಿಪಂಜರಗಳಿಗೆ ಮಕ್ಕಳು ಹೆದರುವುದಿಲ್ಲ; ತಂದೆತಾಯಿ ಎಚ್ಚರವಾಗಿರಬೇಕಾದ ಜಾಗ ಬೇರೆಯೇ ಇದೆ.

ಮೆಕ್ಸಿಕೋದ ಸಾಂತಾ ಸಿಸಿಲಿಯಾ ಎಂಬ ಊರಿನ ಹನ್ನೆರಡು ವರ್ಷದ ಮಿಗೆಲ್‌ಗೆ ಹಾಡಿನ ಹುಚ್ಚು. ಮುತ್ತಜ್ಜಿಯ ತಂದೆ ಗಿಟಾರ್ ಹಿಡಿದು ಮನೆ ಬಿಟ್ಟು ಹೋದವನು ತಿರುಗಿ ಬರಲಿಲ್ಲವೆಂದು ಆ ಮನೆಯಲ್ಲಿ ಸಂಗೀತಕ್ಕೆ ನಿಷೇಧವಿದೆ. ಸತ್ತವರ ಹಬ್ಬದ ರಾತ್ರಿ ಒಬ್ಬ ಪ್ರಸಿದ್ಧ ಗಾಯಕನ ಸಮಾಧಿಯಿಂದ ಗಿಟಾರ್ ಎತ್ತಿಕೊಂಡ ಹುಡುಗ ಸತ್ತವರ ಲೋಕದಲ್ಲಿ ಸಿಕ್ಕಿಬೀಳುತ್ತಾನೆ. ಸೂರ್ಯ ಹುಟ್ಟುವುದರೊಳಗೆ ತನ್ನ ಹಿರಿಯರೊಬ್ಬರ ಆಶೀರ್ವಾದ ಪಡೆದರೆ ಮಾತ್ರ ಅವನು ಮನೆಗೆ ಮರಳಬಹುದು. ಆ ಮನೆತನದ ಕಸುಬು ಬೂಟು ಹೊಲಿಯುವುದು. ಅಥಣಿಯ ಕಡೆ ಮನೆಮಂದಿಯೆಲ್ಲ ಕೂತು ಚಪ್ಪಲಿ ಮಾಡುವುದನ್ನು ಕಂಡವರಿಗೆ ಆ ಅಂಗಳ ಹೊಸದೆನಿಸದು, ಮತ್ತು ಆ ಕಸುಬನ್ನು ಚಿತ್ರ ಎಲ್ಲಿಯೂ ಕೀಳಾಗಿ ತೋರಿಸಿಲ್ಲವೆಂಬುದು ನನಗೆ ಬಹಳ ಹಿಡಿಸಿತು. ಎರಡು ಲೋಕಗಳನ್ನು ಜೋಡಿಸುವ ಸೇತುವೆ ಚೆಂಡುಹೂವಿನ ಪಕಳೆಗಳದ್ದು. ನಮ್ಮ ಗಣಪತ್ ಗಲ್ಲಿಯಲ್ಲಿ ಹಬ್ಬಕ್ಕೆ ರಾಶಿ ಬೀಳುವ ಈ ಹೂವಿನ ಮೂಲ ನಾಡೇ ಮೆಕ್ಸಿಕೋ ಎಂದು ಮಗನಿಗೆ ಹೇಳಿದಾಗ ಅವನು ನಂಬಲಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಚಿತ್ರದ ನಿಯಮದ ಪ್ರಕಾರ, ಮನೆಯ ಪೂಜಾಕಟ್ಟೆಯ ಮೇಲೆ ಫೋಟೋ ಇಟ್ಟ ಹಿರಿಯರು ಮಾತ್ರ ಹಬ್ಬದ ರಾತ್ರಿ ಸೇತುವೆ ದಾಟಿ ಬರಬಹುದು. ಬದುಕಿರುವವರಲ್ಲಿ ಯಾರೂ ನೆನೆಯದಿದ್ದರೆ ಆ ಆತ್ಮ ಸತ್ತವರ ಲೋಕದಿಂದಲೂ ಪೂರ್ತಿ ಅಳಿದುಹೋಗುತ್ತದೆ. ಹಾಗೆ ಒಬ್ಬ ಬಡ ಮುದುಕ, ಕೊನೆಯದಾಗಿ ಒಂದು ಹಾಡು ಕೇಳಿ, ಹಗ್ಗದ ತೂಗುಮಂಚದಲ್ಲಿ ಮಲಗಿದಲ್ಲೇ ಕರಗಿ ಮಾಯವಾಗುವ ದೃಶ್ಯವಿದೆ. ಅದು ಮುಗಿಯುತ್ತಿದ್ದಂತೆ ಮಗಳು ನನ್ನ ತೋಳು ಹಿಡಿದು, “ಪಪ್ಪಾ, ನಾವು ಮರತ್ರ ಅಜ್ಜನೂ ಹಿಂಗ ಹೋಗಿಬಿಡ್ತಾನೇನು?” ಎಂದು ಕೇಳಿದಳು. ನಾನು ಚಿತ್ರ ನಿಲ್ಲಿಸಿದೆ. ಸತ್ತ ಅಜ್ಜನ ಅಸ್ತಿತ್ವದ ಹೊಣೆ ಏಳು ವರ್ಷದ ಮಗುವಿನ ನೆನಪಿನ ಮೇಲೆ ಬಿದ್ದಿತ್ತು, ಮತ್ತು ಈ ಚಿತ್ರದ ಬಗ್ಗೆ ನನ್ನ ದೊಡ್ಡ ತಕರಾರು ಇದೇ.

ಹಿರಿಯರನ್ನು ನೆನೆಯುವುದರ ಬಗ್ಗೆ ನನ್ನ ಆಕ್ಷೇಪವಿಲ್ಲ. ಪಕ್ಕದ ಮನೆಯವರು ಮಹಾಲಯ ಅಮಾವಾಸ್ಯೆಗೆ ಎಡೆ ಇಡುತ್ತಾರೆ, ಕ್ಯಾಥೋಲಿಕ್ ಗೆಳೆಯರು ನವೆಂಬರ್ 2ರಂದು ಸಮಾಧಿಗಳಿಗೆ ಹೂವು ಏರಿಸಿ ಮೇಣದಬತ್ತಿ ಹಚ್ಚುತ್ತಾರೆ, ನಾವು ಈಸ್ಟರ್ ದಿನ ನಸುಕಿನಲ್ಲಿ ಸಮಾಧಿ ಸ್ಥಳಕ್ಕೆ ಹೋಗುತ್ತೇವೆ. ಆದರೆ ಸತ್ತವರನ್ನು ವಿಚಾರಿಸಬಾರದೆಂದು ಬೈಬಲಿನ ಧರ್ಮೋಪದೇಶಕಾಂಡದ ಹದಿನೆಂಟನೆಯ ಅಧ್ಯಾಯ ಸ್ಪಷ್ಟವಾಗಿ ಹೇಳುತ್ತದೆ. ಹೆತ್ತ ತಾಯಿ ಮರೆತರೂ ತಾನು ಮರೆಯೆನೆಂಬ ದೇವರ ಮಾತು ಯೆಶಾಯನ ಗ್ರಂಥದಲ್ಲಿದೆ. ಗುಳೇದಗುಡ್ಡದಲ್ಲಿ ಖಣ ನೇಯುತ್ತಿದ್ದ ನನ್ನ ಮುತ್ತಜ್ಜಿಯ ಒಂದು ಫೋಟೋ ಕೂಡ ನಮ್ಮಲ್ಲಿಲ್ಲ, ಹೆಸರು ಅವ್ವನೊಬ್ಬಳಿಗೇ ಗೊತ್ತಿತ್ತು. ಚಿತ್ರದ ನಿಯಮವನ್ನು ಒಪ್ಪಿದರೆ ಆ ಮುತ್ತಜ್ಜಿಯ ಗತಿಯೇನು? ಚಿತ್ರದಲ್ಲಿ ಸತ್ತ ಮೇಲೂ ಅಭಿಮಾನಿಗಳ ಕಾಣಿಕೆ ಪಡೆಯುವ ಗಾಯಕನಿಗೆ ಎತ್ತರದ ಮಹಲು, ಯಾರೂ ಎಡೆ ಇಡದವರಿಗೆ ಕೊಳೆಗೇರಿ. ಲೂಕನ ಸುವಾರ್ತೆಯ ಹದಿನಾರನೆಯ ಅಧ್ಯಾಯದಲ್ಲಿ ಇದು ತಿರುವುಮುರುವಾಗಿದೆ: ಅಲ್ಲಿ ಹುಣ್ಣು ತುಂಬಿದ ಭಿಕ್ಷುಕನಿಗೆ ಲಾಜರನೆಂಬ ಹೆಸರಿದೆ, ಐಶ್ವರ್ಯವಂತನಿಗೆ ಹೆಸರೇ ಇಲ್ಲ. ಆ ರಾತ್ರಿ ಮಕ್ಕಳಿಗೆ ಇದನ್ನೇ ಓದಿ ಹೇಳಿದೆ. ಮುಂದಿನ ಈಸ್ಟರ್‌ಗೆ ಹೋದಾಗ ಮಗಳು ಅಜ್ಜನ ಸಮಾಧಿಗೆ ಒಂದು ಮೇಣದಬತ್ತಿ ಹಚ್ಚಿ, ಇನ್ನೊಂದನ್ನು ಅಕ್ಷರ ಪೂರ್ತಿ ಸವೆದು ಕಲ್ಲಷ್ಟೇ ಉಳಿದ ಪಕ್ಕದ ಸಮಾಧಿಯ ಮೇಲೆ ಇಟ್ಟಳು.

ಇಷ್ಟು ಹೇಳಿದ ಮೇಲೂ ಈ ಚಿತ್ರವನ್ನು ತೋರಿಸಬೇಡಿ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ, ಏಕೆಂದರೆ ಆಶೀರ್ವಾದವೆಂದರೇನು ಎಂಬುದನ್ನು ಮಕ್ಕಳಿಗೆ ಇಷ್ಟು ಚೆನ್ನಾಗಿ ತಿಳಿಸಿದ ಚಿತ್ರವನ್ನು ನಾನು ಬೇರೆ ಕಂಡಿಲ್ಲ. ಮುತ್ತಜ್ಜಿಯ ತಾಯಿ ಇಮೆಲ್ಡಾ ಮೊದಲು ಕೊಡುವ ಆಶೀರ್ವಾದಕ್ಕೆ ಷರತ್ತಿದೆ: ಮನೆಗೆ ಹೋಗು, ಆದರೆ ಮತ್ತೆಂದೂ ಹಾಡಬಾರದು. ಹುಡುಗ ಅದನ್ನು ಒಪ್ಪದೆ ಓಡುತ್ತಾನೆ. ಕೊನೆಗೆ ಬೆಳಕು ಹರಿಯುವ ಹೊತ್ತಿನಲ್ಲಿ ಅದೇ ಇಮೆಲ್ಡಾ ಯಾವ ಷರತ್ತೂ ಇಲ್ಲದೆ ಹರಸಿ ಕಳಿಸುತ್ತಾಳೆ. ತಂದೆ ಇಸಾಕನ ಆಶೀರ್ವಾದಕ್ಕಾಗಿ ಯಾಕೋಬ ಮೋಸಕ್ಕೂ ಇಳಿಯುವ ಬೈಬಲಿನ ಕಥೆಯನ್ನು ನನ್ನ ಮಗ ಸಂಡೇ ಸ್ಕೂಲಿನಲ್ಲಿ ಕೇಳಿದ್ದ. ಹಿರಿಯರ ಆಶೀರ್ವಾದಕ್ಕೆ ಒಬ್ಬರು ಅಷ್ಟೊಂದು ಹಂಬಲಿಸುವುದೇಕೆಂದು ಅವನಿಗೆ ತಿಳಿದದ್ದು ಇಲ್ಲಿ. ಮಕ್ಕಳ ಓದು, ಕೆಲಸ, ಮದುವೆ ಎಲ್ಲದಕ್ಕೂ ಷರತ್ತು ಹಾಕುವ ನಮ್ಮಂಥ ತಂದೆಯರೂ ಈ ದೃಶ್ಯವನ್ನು ಗಮನವಿಟ್ಟು ನೋಡಬೇಕು.

ಹಾಡಿನ ಬಳಕೆಯೂ ಅಷ್ಟೇ ಸೊಗಸು. ‘ರಿಮೆಂಬರ್ ಮಿ’ ಎಂಬ ಒಂದೇ ಹಾಡು ಗಾಯಕನ ಬಾಯಲ್ಲಿ ವೇದಿಕೆಯ ಆಡಂಬರವಾಗಿದ್ದು, ನಂತರ ಒಬ್ಬ ತಂದೆ ತನ್ನ ಪುಟ್ಟ ಮಗಳಿಗೆ ಹೇಳಿದ ಜೋಗುಳವಾಗಿ ಕೇಳಿಸುತ್ತದೆ. ಚಿತ್ರವಿದ್ದದ್ದು ಇಂಗ್ಲಿಷಿನಲ್ಲಿ, ಹಾಗಾಗಿ ಅವ್ವನಿಗೆ ನಾನು ಮಾತುಗಳನ್ನು ಕನ್ನಡದಲ್ಲಿ ಹೇಳುತ್ತಾ ಕೂತಿದ್ದೆ. ಆ ಜೋಗುಳ ಬಂದಾಗ ಅವ್ವ ಕೈ ಎತ್ತಿ, “ಈಗ ಹೇಳಬ್ಯಾಡ, ಸುಮ್ಮಿರು” ಎಂದಳು.

ಕೆಲವು ವಿವರಗಳನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಪಾನೀಯದಲ್ಲಿ ವಿಷ ಹಾಕಿ ಗೆಳೆಯನನ್ನು ಕೊಂದ ಪ್ರಸಂಗವಿದೆ, ಮದ್ಯ ಕುಡಿಯುವ ದೃಶ್ಯವೊಂದಿದೆ, ಆತ್ಮಗಳಿಗೆ ದಾರಿ ತೋರುವ ರೆಕ್ಕೆಯ ಪ್ರಾಣಿಗಳಿವೆ. ಎಂಟು ವರ್ಷ ದಾಟಿದ ಮಕ್ಕಳಿಗೆ ತೋರಿಸಬಹುದು, ಆದರೆ ಅವರನ್ನೇ ಬಿಟ್ಟು ಅಡುಗೆಮನೆಗೆ ಹೋಗಬೇಡಿ. ಚಿತ್ರದ ಅವಧಿ 105 ನಿಮಿಷ. ಮರುದಿನ ಶಾಲೆಯಿರುವ ರಾತ್ರಿ ಬೇಡ, ಏಕೆಂದರೆ ಮುಗಿದ ಮೇಲೆ ಮಕ್ಕಳು ಕೇಳುವ ಪ್ರಶ್ನೆಗಳಿಗೆ ಇನ್ನೂ ಒಂದು ಗಂಟೆ ಬೇಕಾಗುತ್ತದೆ.