ಬಳ್ಳಾರಿಯ ಎಂಆರ್‌ಐ ಕೇಂದ್ರ: ಎಂಎಸ್ ರೋಗಿಯ ಕಡೆಯವರ ಅನಿಸಿಕೆ

ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್, ಮಿದುಳು ಮತ್ತು ಬೆನ್ನುಹುರಿಯ ನರಗಳ ಹೊದಿಕೆಗೆ ಹಾನಿಯಾಗುವ ಕಾಯಿಲೆ) ಇರುವ ನನ್ನ ತಂಗಿಗೆ ಪ್ರತಿ ವರ್ಷ ಮಿದುಳಿನ ಎಂಆರ್‌ಐ ಮಾಡಿಸುವ ಬಳ್ಳಾರಿಯ ಈ ಸ್ಕ್ಯಾನಿಂಗ್ ಕೇಂದ್ರದಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು, ತಂತ್ರಜ್ಞರು ಹಳೆಯ ಸಿಡಿಯನ್ನು ತಾವೇ ಕೇಳಿ ಪಡೆದು, ಕಳೆದ ಬಾರಿಯ ಯಂತ್ರದಲ್ಲೇ, ಅದೇ ಕ್ರಮದಲ್ಲಿ ಚಿತ್ರ ತೆಗೆದದ್ದು. ಯುರೋಪ್ ಮತ್ತು ಉತ್ತರ ಅಮೆರಿಕದ ತಜ್ಞರು ಒಟ್ಟುಗೂಡಿ 2021ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಯಂತ್ರ ಅಥವಾ ಕ್ರಮ ಬದಲಾದರೆ ಮಿದುಳಿನಲ್ಲಿ ರೋಗದಿಂದಾದ ಹಾನಿಯನ್ನು ತೋರಿಸುವ ಕಲೆಗಳಲ್ಲಿ ಹೊಸದು ಯಾವುದು, ಹಳೆಯದು ಯಾವುದು ಎಂದು ಗುರುತಿಸುವುದು ಕಷ್ಟ. ಆ ಮಾರ್ಗಸೂಚಿ ಮುಖ್ಯವೆಂದು ಸೂಚಿಸುವ ತ್ರಿ-ಆಯಾಮದ ಫ್ಲೇರ್ (ಈ ಕಲೆಗಳು ಎದ್ದು ಕಾಣುವ ಬಗೆಯ) ಚಿತ್ರವನ್ನೂ ಇಲ್ಲಿ ತೆಗೆಯುತ್ತಾರೆ. ವರದಿಯಲ್ಲಿ ಕಲೆಗಳ ಸಂಖ್ಯೆ, ಜಾಗ ಎರಡನ್ನೂ ಹಿಂದಿನ ವರದಿಯೊಂದಿಗೆ ಹೋಲಿಸಿ ಬರೆದಿದ್ದರು. ಕಾಯುವ ಕೋಣೆಯ ಸೆಕೆ ಮಾತ್ರ ಸರಿಯಿಲ್ಲ. ಮೈ ಬಿಸಿಯಾದರೆ ಈ ರೋಗಿಗಳ ದೃಷ್ಟಿ, ನಡಿಗೆ ತಾತ್ಕಾಲಿಕವಾಗಿ ಕುಂದಬಹುದಾದ್ದರಿಂದ ಬಳ್ಳಾರಿಯ ಬೇಸಿಗೆಗೆ ಅಲ್ಲಿ ಎಸಿ ಹಾಕಿಸಲೇಬೇಕು.