ಅಂಡಾಣು ಘನೀಕರಣ: ಕೈಕೆಲಸ ಮತ್ತು ಯಂತ್ರ, ಎರಡನ್ನೂ ಬಳಸಿ ಕಂಡದ್ದು

ಐವಿಎಫ್ ಪ್ರಯೋಗಾಲಯದಲ್ಲಿ ಹಲವು ವರ್ಷಗಳಿಂದ ಕೈಯಾರೆ ಅಂಡಾಣುಗಳನ್ನು ಘನೀಕರಿಸುತ್ತಾ ಬಂದಿರುವ ನಾನು, ಈ ಕೆಲಸದ ಬಹುಪಾಲನ್ನು ತಾನೇ ನಡೆಸುವ ಯಂತ್ರವೊಂದನ್ನು ಕೆಲವು ತಿಂಗಳು ಬಳಸಿ ನೋಡಿದೆ. ಚಿಕಿತ್ಸೆಗೆ ಒದಗದ, ಮಹಿಳೆಯರು ಒಪ್ಪಿ ಬರೆದುಕೊಟ್ಟ ಅಂಡಾಣುಗಳನ್ನು ಮಾತ್ರ ಇದಕ್ಕೆ ತೆಗೆದುಕೊಂಡೆ.

ಎರಡರ ತತ್ತ್ವವೂ ವಿಟ್ರಿಫಿಕೇಷನ್. ಅಂದರೆ ಹಿಮದ ಹರಳು ಮೂಡಲು ಅವಕಾಶವನ್ನೇ ಕೊಡದೆ ಅಂಡಾಣುವನ್ನು ಗಾಜಿನಂತೆ ಗಟ್ಟಿಯಾಗಿಸುವುದು. ಸುಮಾರು 0.12 ಮಿಲಿಮೀಟರ್ ವ್ಯಾಸದ, ನೀರು ತುಂಬಿದ ಈ ಜೀವಕೋಶದೊಳಗೆ ಹರಳು ಕಟ್ಟಿದರೆ ಅದು ಉಳಿಯುವುದಿಲ್ಲ.

ಕೈಯಲ್ಲಿ ಮಾಡುವಾಗ ಅಂಡಾಣುವನ್ನು ಮೊದಲು, ಹರಳು ಕಟ್ಟದಂತೆ ಕಾಯುವ ಇಥಿಲೀನ್ ಗ್ಲೈಕಾಲ್ ಮತ್ತು ಡಿಎಂಎಸ್‌ಒ ಎಂಬ ರಾಸಾಯನಿಕಗಳಿರುವ ತೆಳು ದ್ರಾವಣಕ್ಕೆ ಬಿಡುತ್ತೇವೆ. ನೀರು ಹೊರಬಿದ್ದಂತೆ ಅದು ಮುದುಡಿ, ಹೊರಪೊರೆಯ ಒಳಗೆ ಬಾಲಚಂದ್ರನಂತಹ ತಿಳಿಯಾದ ಜಾಗ ಕಾಣಿಸುತ್ತದೆ. ಬಳಿಕ ಹತ್ತು ಹದಿನೈದು ನಿಮಿಷಗಳಲ್ಲಿ ಮೆಲ್ಲಗೆ ಉಬ್ಬಿ ಆ ಜಾಗವನ್ನು ಮತ್ತೆ ತುಂಬಿಕೊಳ್ಳುತ್ತದೆ. ಅದು ಪೂರ್ತಿ ತುಂಬಿತೇ ಎಂದು ನೋಡಿ ತೀರ್ಮಾನಿಸುವುದೇ ಈ ಕಸುಬಿನ ಜೀವಾಳ. ಮುಂದಿನ ಗಾಢ ದ್ರಾವಣದಲ್ಲಿ ಸಿಗುವುದು 60ರಿಂದ 90 ಸೆಕೆಂಡು ಮಾತ್ರ. ಅಷ್ಟರೊಳಗೆ, ಮೇಲಕ್ಕೆ ತೇಲುವ ಅಂಡಾಣುವನ್ನು ಪಿಪೆಟ್‌ನಿಂದ ಹಿಡಿದು, ತೆಳುಪಟ್ಟಿಯ ಮೇಲಿರಿಸಿ, ಸುತ್ತಲಿನ ಹೆಚ್ಚುವರಿ ಹನಿಯನ್ನು ಹೀರಿ ತೆಗೆದು, ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿ ಅದ್ದಬೇಕು. ಬೆಳಗಿನ ಮೊದಲ ಅಂಡಾಣುವಿಗೂ ಸಂಜೆಯ ಇಪ್ಪತ್ತನೆಯದಕ್ಕೂ ನನ್ನ ಕೈ ಒಂದೇ ರೀತಿ ನಡೆಯುತ್ತದೆ ಎಂದು ಎದೆ ತಟ್ಟಿ ಹೇಳಲಾರೆ.

ಯಂತ್ರ ಗೆಲ್ಲುವುದು ಇಲ್ಲಿಯೇ. ಅಂಡಾಣು ಪುಟ್ಟ ಗುಳಿಯೊಂದರಲ್ಲಿ ಕುಳಿತಿರುತ್ತದೆ, ದ್ರಾವಣಗಳೇ ಬಂದು ಹೋಗುತ್ತವೆ. ತಾಪಮಾನ, ಪ್ರಮಾಣ, ಸಮಯ ಯಾವುದೂ ಕದಲುವುದಿಲ್ಲ. ಅಂಡಾಣುವನ್ನು ಪದೇ ಪದೇ ಎತ್ತಿಡುವ ಅಪಾಯವೂ ಕಡಿಮೆ, ಹೊಸಬರ ತರಬೇತಿಯೂ ಬೇಗ ಮುಗಿಯುತ್ತದೆ. ಆದರೆ ನಾನು ಬಳಸಿದ ಯಂತ್ರ ಗಡಿಯಾರವನ್ನು ನೋಡುತ್ತದೆಯೇ ಹೊರತು ಅಂಡಾಣುವನ್ನಲ್ಲ. ಒಂದು ಅಂಡಾಣು ಇನ್ನೂ ಅರ್ಧ ಮುದುಡಿಕೊಂಡಿರುವಾಗಲೇ ಯಂತ್ರ ಗಾಢ ದ್ರಾವಣವನ್ನು ಗುಳಿಗೆ ಹರಿಸಿತು. ಕೈಕೆಲಸವಾಗಿದ್ದರೆ ಖಂಡಿತ ಇನ್ನೆರಡು ನಿಮಿಷ ಕಾಯುತ್ತಿದ್ದೆ. ಆ ಅಂಡಾಣು ಕರಗಿಸಿದ ಮೇಲೆ ಉಳಿಯಲಿಲ್ಲ. ಒಂದೇ ಉದಾಹರಣೆಯಿಂದ ಕಾರಣವನ್ನು ನಿರ್ಧರಿಸಲಾಗದಿದ್ದರೂ ನನಗೆ ಅದು ಮರೆಯುತ್ತಿಲ್ಲ.

ಯಂತ್ರದ ಗುಳಿಯನ್ನು ಮುಚ್ಚಿ ಘನೀಕರಿಸುವುದರಿಂದ ಸಾರಜನಕದ ಮೂಲಕ ಸೋಂಕು ತಗಲುವ ಭಯವಿಲ್ಲ. ತೆರೆದ ಪಟ್ಟಿಯಷ್ಟು ವೇಗವಾಗಿ ತಣಿಯುವುದಿಲ್ಲ ಎಂಬುದು ಅದಕ್ಕೆ ತೆರುವ ಬೆಲೆ. ಕರಗಿಸುವ ಕೆಲಸವಂತೂ ಎರಡರಲ್ಲೂ ನಮ್ಮ ಕೈಯಲ್ಲೇ ಉಳಿದಿತ್ತು. ತಣಿಸುವ ವೇಗಕ್ಕಿಂತ ಬೆಚ್ಚಗಾಗಿಸುವ ವೇಗವೇ ಹೆಚ್ಚು ನಿರ್ಣಾಯಕ ಎಂದು ಇಲಿಗಳ ಅಂಡಾಣುಗಳ ಮೇಲಿನ ಅಧ್ಯಯನಗಳು ತೋರಿಸಿರುವುದರಿಂದ ಇದು ಸಣ್ಣ ಮಾತಲ್ಲ.

ಚಿಕಿತ್ಸೆಗೆ ಇಳಿಸುವುದಾದರೆ, ಒಬ್ಬ ಮಹಿಳೆಯ ಮೊದಲ ಒಂದೆರಡು ಅಂಡಾಣುಗಳನ್ನು ಕೈಯಲ್ಲೇ ಮಾಡಿ, ಅವು ಉಬ್ಬಲು ತೆಗೆದುಕೊಂಡ ಸಮಯವನ್ನು ಗುರುತಿಸಿಕೊಂಡು, ಆ ಸಮಯ ಯಂತ್ರದ ಅವಧಿಯೊಳಗಿದ್ದರೆ ಮಾತ್ರ ಉಳಿದವನ್ನು ಯಂತ್ರಕ್ಕೆ ಒಪ್ಪಿಸುತ್ತೇನೆ.