ಶ್ವಾಸಕೋಶ ಕ್ಯಾನ್ಸರಿನ ಜೀನ್ ಟೆಸ್ಟ್: ದಾವಣಗೆರೆಯ ಕಲೆಕ್ಷನ್ ಸೆಂಟರಿಗೆ ಕೊಡುವ ಮುನ್ನ

ಪಿ.ಜೆ. ಬಡಾವಣೆಯ ಈ ಸೆಂಟರಿನಲ್ಲಿ ಟೆಸ್ಟ್ ನಡೆಯುವುದಿಲ್ಲ. ಬಯಾಪ್ಸಿ ಬ್ಲಾಕ್ (ಗೆಡ್ಡೆಯಿಂದ ತೆಗೆದು ಮೇಣದಲ್ಲಿ ಹುದುಗಿಸಿದ ತುಣುಕು) ತೆಗೆದುಕೊಂಡು ಬೆಂಗಳೂರಿನ ಲ್ಯಾಬಿಗೆ ಕಳಿಸುತ್ತಾರೆ. ಆ ಕೆಲಸ ಅಚ್ಚುಕಟ್ಟು: ಬ್ಲಾಕ್ ನಂಬರನ್ನು ಪೆಥಾಲಜಿ ರಿಪೋರ್ಟಿನ ಜೊತೆ ತಾಳೆ ನೋಡುತ್ತಾರೆ, ಬೇಸಿಗೆಯಲ್ಲಿ ಮೇಣ ಮೆತ್ತಗಾಗದಂತೆ ಜೆಲ್ ಪ್ಯಾಕ್ ಇಡುತ್ತಾರೆ. ಜಗಳೂರು, ಹೊಳಲ್ಕೆರೆ ಕಡೆಯ ಕೂಲಿಯವರಿಗೆ ಬೆಂಗಳೂರಿನ ಓಡಾಟ ತಪ್ಪುವುದೇ ದೊಡ್ಡ ಉಪಕಾರ.

ಎಡವುವುದು ಕೌಂಟರಿನಲ್ಲಿ. ತುಣುಕು ದೇಹದ ಯಾವ ಭಾಗದ್ದು ಎಂದು ಯಾರೂ ಕೇಳುವುದಿಲ್ಲ. ಮೂಳೆಯದಾದರೆ ಆಸಿಡ್‌ನಲ್ಲಿ ಮೆದು ಮಾಡಿರುವ ಸಾಧ್ಯತೆ ಹೆಚ್ಚು; ಡಿಎನ್‌ಎ ಹಾಳಾಗಿರುತ್ತದೆ, ದುಡ್ಡು ಕಟ್ಟಿದ ಮೇಲೆ ‘ಸ್ಯಾಂಪಲ್ ಯೋಗ್ಯವಿಲ್ಲ’ ಎಂಬ ರಿಪೋರ್ಟ್ ಬರುತ್ತದೆ. ಶೇ. 10ರ ಬಫರ್ಡ್ ಫಾರ್ಮಲಿನ್‌ನಲ್ಲಿ (ಕೆಡದಂತೆ ಕಾಯುವ ದ್ರಾವಣ) ತುಣುಕು 6ರಿಂದ 48 ಗಂಟೆ ಇರಬೇಕು. ಶನಿವಾರ ತೆಗೆದದ್ದು ಮಂಗಳವಾರ ಸಂಜೆಯವರೆಗೂ ಡಬ್ಬಿಯಲ್ಲೇ ಕೂತರೆ ಡಿಎನ್‌ಎ ಚೂರುಚೂರಾಗುತ್ತದೆ. ಇದನ್ನು ಬಯಾಪ್ಸಿ ಮಾಡಿದ ಆಸ್ಪತ್ರೆಯಲ್ಲೇ ವಿಚಾರಿಸಿಕೊಂಡು ಬನ್ನಿ.

ಇನ್ನೊಂದು, ಬಂದವರಿಗೆಲ್ಲ ಹಲವು ಜೀನ್‌ಗಳನ್ನು ಒಟ್ಟಿಗೆ ನೋಡುವ ದೊಡ್ಡ ಎನ್‌ಜಿಎಸ್ ಪ್ಯಾನೆಲ್ ತೋರಿಸುತ್ತಾರೆ. ಕೈಯಲ್ಲಿ ಕಾಸಿಲ್ಲದವರು ವೈದ್ಯರನ್ನು ಕೇಳಿ ಮೊದಲು ಇಜಿಎಫ್‌ಆರ್, ಎಎಲ್‌ಕೆ, ಆರ್‌ಒಎಸ್1 ಎಂಬ ಮೂರು ಜೀನ್‌ಗಳ ಟೆಸ್ಟ್ ಮಾಡಿಸಲಿ. ಎಎಲ್‌ಕೆಯನ್ನು ಸ್ಲೈಡಿಗೆ ಬಣ್ಣ ಹಾಕುವ ಐಎಚ್‌ಸಿಯಲ್ಲೇ ಕಡಿಮೆ ಖರ್ಚಿನಲ್ಲಿ ನೋಡಬಹುದು. ಇಜಿಎಫ್‌ಆರ್ ಬಿಡಲೇಬೇಡಿ. ನಮ್ಮ ದೇಶದ ಅಡಿನೋಕಾರ್ಸಿನೋಮ (ಶ್ವಾಸಕೋಶ ಕ್ಯಾನ್ಸರಿನ ಒಂದು ಬಗೆ) ರೋಗಿಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಈ ಜೀನಿನ ರೂಪಾಂತರ (ಬದಲಾವಣೆ) ಇರುತ್ತದೆ, ಬೀಡಿ ಮುಟ್ಟದ ಹೆಂಗಸರಲ್ಲಿ ಇನ್ನೂ ಹೆಚ್ಚು. ಬೀಡಿ ಸೇದುವವರಲ್ಲೂ ಸಿಗುತ್ತದೆ, ಹಾಗಾಗಿ ಅವರಿಗೆ ಬೇಡ ಎನ್ನುವುದು ತಪ್ಪು. ಸಿಕ್ಕರೆ ದಿನಕ್ಕೊಂದು 250 ಮಿ.ಗ್ರಾಂ. ಜೆಫಿಟಿನಿಬ್ ಮಾತ್ರೆಯಿಂದಲೂ ಚಿಕಿತ್ಸೆ ನಡೆಯುತ್ತದೆ. ಜೆನೆರಿಕ್ ಇದೆ, ಊರಲ್ಲೇ ಇದ್ದು ನುಂಗಬಹುದು. ಮೈಮೇಲೆ ಗುಳ್ಳೆ, ಭೇದಿ ಬಂದರೆ ತಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು.

ರಿಪೋರ್ಟಿನಲ್ಲಿ ಬರೀ ‘ಪಾಸಿಟಿವ್’ ಎಂದಿದ್ದರೆ ಸಾಲದು. ರೂಪಾಂತರ ಯಾವುದು, ಇಜಿಎಫ್‌ಆರ್ ಜೀನಿನ ಯಾವ ಭಾಗದಲ್ಲಿ (ಎಕ್ಸಾನ್) ಎಂಬುದು ಬೇಕು: ಎಕ್ಸಾನ್ 19 ಡಿಲೀಷನ್ ಅಥವಾ ಎಲ್858ಆರ್ ಎಂಬ ರೂಪಾಂತರ ಆದರೆ ಈ ಮಾತ್ರೆ ನಾಟುತ್ತದೆ. ಎಕ್ಸಾನ್ 20 ಇನ್‌ಸರ್ಷನ್‌ಗೆ ಸಾಮಾನ್ಯವಾಗಿ ನಾಟುವುದಿಲ್ಲ. ಎಕ್ಸಾನ್ ಮತ್ತು ರೂಪಾಂತರದ ಹೆಸರು ಬರೆದೇ ಕೊಡಬೇಕೆಂದು ಪಟ್ಟು ಹಿಡಿಯಿರಿ.

ತುಣುಕು ಸಾಲದವರಿಗೆ ರಕ್ತದ ಟೆಸ್ಟೂ ಇದೆ. ಅದರಲ್ಲಿ ನೆಗೆಟಿವ್ ಬಂದರೆ ರೂಪಾಂತರ ಇಲ್ಲವೇ ಇಲ್ಲ ಎನ್ನಲಾಗದು, ಮತ್ತೆ ಬಯಾಪ್ಸಿ ಬೇಕಾಗಬಹುದು. ಈ ಮಾತನ್ನು ಇಲ್ಲಿ ಹೇಳುವುದಿಲ್ಲ, ಹೇಳಬೇಕಿತ್ತು.

ಉಳಿದ ಬ್ಲಾಕನ್ನು ತಾವಾಗಿ ಹಿಂತಿರುಗಿಸುವುದಿಲ್ಲ. ಕೊಡುವಾಗಲೇ ಫಾರಂ ಮೇಲೆ ‘ಬ್ಲಾಕ್ ವಾಪಸ್’ ಎಂದು ಬರೆಸಿ ಸಹಿ ಹಾಕಿಸಿಕೊಳ್ಳಿ.